ಗಿಡುಗ ಹಾದುಹೋದ ಮೇಲೆ ಮೊದಲು ಇಳಿಯುವ ಮೈನಾ

ಶಿಡ್ಲಘಟ್ಟದ ನಿಮ್ಮ ರಾಗಿ ಕಣಕ್ಕೆ ಬರುವ ಮೈನಾಗಳಲ್ಲಿ ಒಂದು ಮಾತ್ರ ಗಿಡುಗ ಹಾದುಹೋದ ಸ್ವಲ್ಪ ಹೊತ್ತಿಗೇ ಮತ್ತೆ ಇಳಿಯುವುದು, ಉಳಿದವು ಹೊಂಗೆ ಮರ ಬಿಟ್ಟು ಕದಲದಿರುವುದು ಹಸಿವಿನಿಂದಲೋ ಹುಟ್ಟುಗುಣದಿಂದಲೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ಹಸಿದ ಹಕ್ಕಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ, ನಿಜ. ಆದರೆ ನೆದರ್ಲೆಂಡ್ಸ್‌ನಲ್ಲಿ 1990ರ ದಶಕದಿಂದ ಗ್ರೇಟ್ ಟಿಟ್ ಹಕ್ಕಿಗಳ ಮೇಲೆ ನಡೆದಿರುವ ಅಧ್ಯಯನಗಳು, ಹೊಸ ಜಾಗವನ್ನು ಕೆಲವು ಹಕ್ಕಿಗಳು ಬೇಗನೆ ಜಾಲಾಡುತ್ತವೆ, ಕೆಲವು ಎಚ್ಚರದಿಂದ ನಿಧಾನವಾಗಿ ನೋಡುತ್ತವೆ, ಈ ವ್ಯತ್ಯಾಸ ಭಾಗಶಃ ಮರಿಗಳಿಗೂ ಇಳಿದುಬರುತ್ತದೆ ಎಂದು ತೋರಿಸಿವೆ. ನನಗೆ ಅತ್ಯಂತ ಮುಖ್ಯವೆನಿಸುವುದು ಇದು: ಆಹಾರ ಹೇರಳವಾಗಿದ್ದ ವರ್ಷ ಬದುಕುಳಿಯಲು ನೆರವಾದ ಗುಣವೇ ಕೊರತೆಯ ವರ್ಷದಲ್ಲಿ ಮುಳುವಾಗಬಹುದಾದ್ದರಿಂದ ಎರಡೂ ಬಗೆಯವು ಉಳಿದುಕೊಂಡು ಬಂದಿರಬಹುದು. ನಿಮ್ಮ ಮೈನಾಕ್ಕೆ ಗುರುತು ಹಿಡಿಯಬಲ್ಲ ಲಕ್ಷಣವೇನಾದರೂ ಇದ್ದರೆ, ಅದು ಹೊಟ್ಟೆ ತುಂಬಿದ ಹೊತ್ತಿನಲ್ಲೂ ಮೊದಲು ಇಳಿಯುತ್ತದೆಯೇ ಎಂದು ದಯವಿಟ್ಟು ಗಮನಿಸಿ.