ಘಟ್ಟದ ದಾರಿಗೆ ಎಂಥ ಬಲ್ಬು?

ಪ್ರಶ್ನೆ: ರಾತ್ರಿ ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಾಗುತ್ತದೆ. ನನ್ನ ಹಳೆಯ ಕಾರಿನ ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ. 100/90 ವ್ಯಾಟ್ ಬಲ್ಬು ಅಥವಾ ಎಲ್‌ಇಡಿ ಹಾಕಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬಲ್ಬಿಗೆ ಕೈಹಾಕುವ ಮೊದಲು ದೀಪದ ಗಾಜನ್ನು ನೋಡಿರಿ. ಗಾಜು ಎಂದು ನಾವು ಕರೆಯುವ ಅದು ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಆಗಿದ್ದು, ಬಿಸಿಲಿಗೆ ಹಳದಿಗಟ್ಟಿ ಬೆಳಕನ್ನು ತಡೆಯುತ್ತದೆ; ಪಾಲಿಶ್ ಮಾಡಿಸಿದರೆ ಅರ್ಧ ದೂರು ಅಲ್ಲಿಯೇ ತೀರೀತು. ಹೈಬೀಮು, ಡಿಮ್ ಎರಡನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಎಚ್4 ಮಾದರಿಯ ಮೂಲ ಹ್ಯಾಲೊಜೆನ್ ಬಲ್ಬು 60/55 ವ್ಯಾಟ್‌ನದು, ಅಂದರೆ ಹೈಬೀಮಿಗೆ 60, ಡಿಮ್‌ಗೆ 55. ಅದರ ಜಾಗದಲ್ಲಿ 100/90 ಹಾಕಿದರೆ 12 ವೋಲ್ಟ್‌ನಲ್ಲಿ ಹೈಬೀಮಿಗೆ ಐದು ಆಂಪಿಯರ್ ಬದಲು ಎಂಟಕ್ಕೂ ಹೆಚ್ಚು ಕರೆಂಟು ಹರಿದು ವೈರು, ಹೋಲ್ಡರುಗಳು ಕಾಯುತ್ತವೆ, ಕರಗಲೂಬಹುದು. ಹ್ಯಾಲೊಜೆನ್‌ಗೆಂದು ರೂಪಿಸಿದ ರಿಫ್ಲೆಕ್ಟರಿನಲ್ಲಿ (ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ಪ್ರತಿಫಲಿಸುವ ಬಟ್ಟಲು) ಎಲ್‌ಇಡಿ ಕೂರಿಸಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಮಳೆಗಾಲದ ಮಂಜಿನಲ್ಲಿ ಅದು ನಿಮ್ಮ ಕಣ್ಣಿಗೇ ಬೆಳ್ಳನೆಯ ಪರದೆಯಾಗುತ್ತದೆ. ಆದ್ದರಿಂದ 60/55 ವ್ಯಾಟ್‌ನಲ್ಲಿಯೇ ಹೆಚ್ಚು ಬೆಳಕು ಕೊಡುವ ಉತ್ತಮ ಕಂಪನಿಯ ಜೋಡಿಯನ್ನು, ಬೇಗ ಸುಟ್ಟುಹೋಗುತ್ತದೆಂಬುದನ್ನು ಒಪ್ಪಿಕೊಂಡು, ಬರಿಗೈಯಿಂದ ಬಲ್ಬಿನ ಗಾಜು ಮುಟ್ಟದೆ ಹಾಕಿಸಿರಿ. ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ಕರೆಂಟು ಹರಿಸುವ ಸ್ವಿಚ್ಚಾದ ರಿಲೇ ಇಲ್ಲದ ಕಾರಾದರೆ ಅದನ್ನೂ ಅಳವಡಿಸಿ, ಕೊನೆಗೆ ದೀಪದ ಎತ್ತರವನ್ನು ಸರಿಪಡಿಸಿಕೊಳ್ಳಿರಿ. ಮಂಜಿನಲ್ಲಿ ಮಾತ್ರ ಡಿಮ್ ಬಿಟ್ಟು ಹೈಬೀಮಿಗೆ ಹೋಗಬೇಡಿರಿ.