ಹೊರಗೆ ಚೆಂದ, ಒಳಗೆ ಹುಳ: ಮಾವಿನಕಾಯಿಗೆ ಬಿಸಿನೀರು ಎಷ್ಟು, ಯಾವಾಗ?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಒಂದು ಬಾದಾಮಿ ಮಾವಿನ ಮರ ಇದೆ. ಹಣ್ಣು ನೋಡೋಕೆ ಚೆನ್ನಾಗಿರುತ್ತದೆ, ಹೆಚ್ಚಿದರೆ ಒಳಗೆ ಬಿಳಿ ಹುಳ. ಬಿಸಿನೀರಲ್ಲಿ ಹಾಕಿಟ್ಟರೆ ಸಾಯುತ್ತದೆ ಅಂತಾರೆ, ನಿಜಾನಾ?

ಉತ್ತರ: ನಿಜ, ಸಾಯುತ್ತದೆ. ಆದರೆ ಹಣ್ಣಾದ ಮೇಲೆ ಹಾಕಿದರೆ ಸತ್ತ ಹುಳ ಇರುವ ಹಣ್ಣು ಸಿಗುತ್ತದೆ, ಅಷ್ಟೇ. ಕೊಳೆತ ತಿರುಳು ಸರಿಹೋಗುವುದಿಲ್ಲ ಅಲ್ವಾ? ಬಲಿತ ಕಾಯಿ ಕಿತ್ತ ದಿನವೇ ಮಾಡಬೇಕು.

ಇದು ಹಣ್ಣು ನೊಣದ ಕೆಲಸ. ಸಿಪ್ಪೆಗೆ ಚುಚ್ಚಿ ಅದರ ಕೆಳಗೇ ಮೊಟ್ಟೆ ಇಡುತ್ತದೆ. ಕಾಯಿಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ಸೂಜಿಮೊನೆಯಷ್ಟು ಚುಕ್ಕೆ, ಅದರ ಮೇಲೆ ಒಣಗಿದ ಸೊನೆಯ ಹನಿ ಕಂಡರೆ ಅದೇ ಗುರುತು. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆದು ಹುಳ ತಿರುಳಿಗೆ ಇಳಿಯುತ್ತದೆ. ಅಷ್ಟರೊಳಗೆ ಬಿಸಿ ತಾಗಬೇಕು.

ಲೆಕ್ಕ ಇಷ್ಟು: 48 ಡಿಗ್ರಿ ಸೆಲ್ಸಿಯಸ್, 60 ನಿಮಿಷ. ಹಣ್ಣು ನೊಣ ಸಿಕ್ಕಿತೆಂದು 2014ರ ಮೇನಲ್ಲಿ ಯುರೋಪ್ ಒಕ್ಕೂಟ ನಮ್ಮ ಮಾವನ್ನೇ ನಿಲ್ಲಿಸಿತ್ತು, ಆ ನಿಷೇಧ ತೆಗೆದದ್ದು 2015ರಲ್ಲಿ. ಈಗ ಅಲ್ಲಿಗೆ ಹೋಗುವ ಕಾಯಿಗೆ ಇದೇ ಬಿಸಿನೀರಿನ ಸ್ನಾನ. ಜಪಾನಿಗಾದರೆ ಹಬೆ, ತಿರುಳಿನ ನಡುಭಾಗವೇ 47.5 ಡಿಗ್ರಿ ಮುಟ್ಟಿ 20 ನಿಮಿಷ ಇರಬೇಕು.

ಮನೆಯಲ್ಲಿ ಕೈ ಅದ್ದಿ ಅಂದಾಜು ಮಾಡಬೇಡಿ. ಒಂದು ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ದೊಡ್ಡ ಪಾತ್ರೆಯಲ್ಲಿ ನೀರು ಜಾಸ್ತಿ, ಕಾಯಿ ಕಮ್ಮಿ ಇರಲಿ, ಯಾಕಂದ್ರೆ ಕಾಯಿ ಹಾಕಿದ ಕೂಡಲೇ ನೀರು ತಣ್ಣಗಾಗುತ್ತದೆ, ಆಗ ಸ್ವಲ್ಪ ಸ್ವಲ್ಪವೇ ಬಿಸಿನೀರು ಸೇರಿಸಿ ಕಲಕಬೇಕು, ಕಾಯಿ ಮೇಲೆ ನೇರವಾಗಿ ಸುರಿಯಬಾರದು. ತೇಲಿದರೆ ಮೇಲೊಂದು ತಟ್ಟೆ ಇಟ್ಟು ಅದುಮಿ. 48 ಮುಟ್ಟಿದ ಮೇಲೆಯೇ ಗಂಟೆ ಎಣಿಸಿ. ಬಿಸಿ ಜಾಸ್ತಿಯಾದರೆ ಸಿಪ್ಪೆ ಬೆಂದು ಕಂದು ಕಲೆ ಬೀಳುತ್ತದೆ, ಎಳೆ ಕಾಯಿಯಂತೂ ಸುಕ್ಕಾಗಿಬಿಡುತ್ತದೆ. ಆಮೇಲೆ ನೆರಳಲ್ಲಿ ಆರಿಸಿ, ಒರೆಸಿ, ಹಣ್ಣಿಗೆ ಹಾಕಿ. ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆ ರೋಗವೂ ಇದರಿಂದ ಕಮ್ಮಿಯಾಗುತ್ತದೆ.

ಹುಳ ಓಟೆಯೊಳಗೆ ಇದ್ದರೆ ಅದು ಬೇರೆ ಕೀಟ, ಈ ನೀರಿಗೆ ಬಗ್ಗುವುದಿಲ್ಲ. ಅಮೆರಿಕಕ್ಕೆ ಹೋಗುವ ಮಾವಿಗೆ ವಿಕಿರಣ ಕೊಡುವುದಕ್ಕೆ ಆ ಓಟೆ ಹುಳವೂ ಒಂದು ಕಾರಣ.

ಇನ್ನೊಂದು ಮಾತು, ದಯವಿಟ್ಟು ಮಾಡಿ. ಬಿದ್ದ ಹಣ್ಣನ್ನು ಬುಡದಲ್ಲೇ ಬಿಡಬೇಡಿ. ಹುಳ ಅದರಿಂದ ಹೊರಬಂದು ಮಣ್ಣಿಗೆ ಇಳಿದು ಕೋಶವಾಗಿ, ಮತ್ತೆ ನೊಣವಾಗಿ ಬರುತ್ತದೆ. ದಿನಾ ಆರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಂದು ವಾರ ತಾರಸಿಯ ಬಿಸಿಲಿಗೆ ಇಡಿ.