ಅಕ್ಕನ ಮಗನನ್ನು ನಾನೇ ಸಾಕುತ್ತಿದ್ದರೂ ಅವನ ಜಮೀನಿಗೆ ನನ್ನ ಸಹಿ ಯಾಕೆ ನಡೆಯಲ್ಲ?

ಯಾಕಂದ್ರೆ ಸಾಕುವುದು ಬೇರೆ, ಆಸ್ತಿಗೆ ಗಾರ್ಡಿಯನ್ ಆಗುವುದು ಬೇರೆ. ಅಕ್ಕ, ಭಾವ ಇಬ್ಬರೂ ಇಲ್ಲ, ಮಗು ಚಿಂತಾಮಣಿಯಲ್ಲಿ ನಿಮ್ಮ ಮನೆಯಲ್ಲೇ ಬೆಳೆಯುತ್ತಿದೆ ಅಂತ ಬರೆದಿದ್ದೀರಿ. ಆದರೂ ಅಕ್ಕನ ಹೆಸರಲ್ಲಿದ್ದ ಆ ಜಮೀನಿನ ವ್ಯವಹಾರಕ್ಕೆ ಕೋರ್ಟ್ ಆದೇಶ ಬೇಕೇ ಬೇಕು.

ಹಿಂದೂಗಳಿಗೆ ಅನ್ವಯಿಸುವ 1956ರ ಪಾಲಕತ್ವ ಕಾಯ್ದೆಯಲ್ಲಿ ತಂದೆ, ಅವರ ನಂತರ ತಾಯಿ ಸಹಜ ಪಾಲಕರು, ಅಂದ್ರೆ ಕೋರ್ಟ್ ನೇಮಿಸದೆಯೇ ಗಾರ್ಡಿಯನ್ ಆಗುವವರು. ಸೋದರಮಾವ, ಅಜ್ಜಿ, ಚಿಕ್ಕಪ್ಪ ಯಾರೂ ಆ ಪಟ್ಟಿಯಲ್ಲಿಲ್ಲ. ಸುಮ್ನೆ ನೋಡಿಕೊಳ್ಳುತ್ತಿದ್ದೇನೆ ಅನ್ನುವ ಕಾರಣಕ್ಕೆ ಮಗುವಿನ ಆಸ್ತಿ ಮುಟ್ಟುವಂತಿಲ್ಲ ಅಂತ ಅದೇ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ. ಅಪ್ಪ ಅಮ್ಮ ಇಲ್ಲದ ಮಗುವಿನ ಜಮೀನನ್ನು ನೆಂಟರೇ ನುಂಗುವುದು ನಮ್ಮ ಕಡೆ ಹೊಸದೇನಲ್ಲ, ಅಲ್ವಾ? ಕೋರ್ಟ್ ನೇಮಿಸಿದ ಗಾರ್ಡಿಯನ್ ಕೋರ್ಟಿಗೆ ಲೆಕ್ಕ ಕೊಡಬೇಕಾಗುತ್ತದೆ. ಮಗುವಿಗೆ ಇರುವ ಕಾವಲು ಅದೇ.

ಅಕ್ಕ ವಿಲ್‌ನಲ್ಲಿ ನಿಮ್ಮನ್ನು ಪಾಲಕರೆಂದು ಬರೆದಿಟ್ಟಿದ್ದಾರಾ, ಮೊದಲು ನೋಡಿ. ಇಲ್ಲದಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ವಕೀಲರ ಮೂಲಕ ಅರ್ಜಿ ಹಾಕಿ. ಮರಣ ಪತ್ರಗಳು, ಮಗುವಿನ ಜನನ ಪತ್ರ, ವಂಶವೃಕ್ಷ, ಪಹಣಿ ಜೋಡಿಸಿಟ್ಟುಕೊಳ್ಳಿ. ಭಾವನ ಕಡೆಯ ಅಜ್ಜಿ-ತಾತನಿಗೂ ತಿಳಿಸಿ, ಅವರು ಒಪ್ಪಿದರೆ ತಕರಾರು ಕಡಿಮೆ. ಊರಿನ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆಸಿಕೊಂಡ ಒಪ್ಪಂದ ಈ ಆದೇಶಕ್ಕೆ ಸಮ ಅಲ್ಲ.

ಆದೇಶ ಬಂದ ಮೇಲೂ ಜಮೀನು ಮಾರಲು ಅಥವಾ ಅಡ ಇಡಲು ಕೋರ್ಟಿನ ಅನುಮತಿಯನ್ನು ಬೇರೆಯಾಗಿ ಕೇಳಬೇಕು.